ಗ್ರಾಮಪಾಠಶಾಲೆಯಲ್ಲಿ ಪದಾರ್ಥವಿಜ್ಞಾನ

ಇಂಗ್ಲೆಂಡಿನ ದಕ್ಷಿಣಭಾಗದಲ್ಲಿ ಹ್ಯಾಂಪ್‌ಷೈರ್ ಎಂಬ ಸೀಮೆಯುಂಟು. ಅಲ್ಲಿ ವಿಂಚೆಸ್ಟರ್ ನಗರಕ್ಕೆ ಅನತಿದೂರದಲ್ಲಿರುವ ಕಿಂಗ್ಸ್ ಸೋಂಬರ್ನ್ ಎಂಬ ಊರು ರಾಜಧಾನಿಯಲ್ಲ, ಯುದ್ಧಭೂಮಿಯಲ್ಲ, ಯಾತ್ರಾಸ್ಥಳವೂ ಅಲ್ಲ. ಕೂಲಿಯಾಳುಗಳೂ ಬೇಸಾಯಗಾರರೂ ವಾಸಮಾಡುವ ಒಂದು ಸಾಮಾನ್ಯ ಗ್ರಾಮ. ಆದರೂ ಎಳೆಯ ಮಕ್ಕಳಿಗೆ ಪದಾರ್ಥವಿಜ್ಞಾನವನ್ನು ಕಲಿಸಿದ ಚರಿತ್ರೆಯನ್ನು ಬರೆಯಹೊರಟವರು ಈ ಗ್ರಾಮದ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1842ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ 38 ಮಕ್ಕಳೊಡನೆ ಅಲ್ಲಿ ಒಂದು ಶಾಲೆ ಆರಂಭವಾಯಿತು. ಎಂಟು ವರ್ಷಗಳಲ್ಲಿ ಮಕ್ಕಳ ಸಂಖ್ಯೆ 200ನ್ನು ಮೀರಿತು. ಅದರ ಮಾದರಿಯು ದೇಶದಲ್ಲೆಲ್ಲ ಹಬ್ಬುವುದೆಂದು ವಿದ್ವಾಂಸರು ನಂಬಿದ್ದರು. ಆದರೆ ಇಪ್ಪತ್ತು ವರ್ಷಗಳು ತುಂಬುವಷ್ಟರಲ್ಲಿ ಆ ಹಬ್ಬುಗೆಯು ಬುಡದಲ್ಲಿಯೇ ಕತ್ತರಿಸಿಹೋಯಿತು. ಕತ್ತರಿಸಿದವರು ಶಾಲೆಯು ಸೋತಿತೆಂದು ಹೇಳಲಿಲ್ಲವೆಂಬುದೇ ಈ ಕಥೆಯಲ್ಲಿ ಗಮನಿಸತಕ್ಕ ಅಂಶ.

ಪದಕ್ಕಿಂತ ಮೊದಲು ಪದಾರ್ಥವು ಮಗುವಿನ ಕಣ್ಣಿಗೂ ಕೈಗೂ ಸಿಕ್ಕಬೇಕೆಂಬ ಮತವನ್ನು ಯೂರೋಪಿನಲ್ಲಿ ಪ್ರಬಲವಾಗಿ ಸಾರಿದವರು ಸ್ವಿಟ್ಜರ್ಲೆಂಡಿನ ಪೆಸ್ಟಲಾಜಿಯವರು (1746–1827). ಇವೆರ್ಡಾನ್ ಪಟ್ಟಣದಲ್ಲಿ 1805ರಿಂದ 1825ರ ವರೆಗೆ ಅವರು ನಡೆಸಿದ ವಿದ್ಯಾಶಾಲೆಯನ್ನು ನೋಡಲು ನಾನಾ ದೇಶಗಳಿಂದ ಜನರು ಬರುತ್ತಿದ್ದರು. ಹಾಗೆ ಹೋಗಿ ಕೆಲವು ವರ್ಷ ಅಲ್ಲಿಯೇ ನಿಂತು ಬಂದ ಆಂಗ್ಲರಲ್ಲಿ ಚಾರ್ಲ್ಸ್ ಮೇಯೋ ಒಬ್ಬರು. ಅವರ ತಂಗಿ ಎಲಿಜಬೆತ್ ಮೇಯೋ ಆ ಪದ್ಧತಿಯನ್ನು ಅನುಸರಿಸಿ 1830ರ ಸುಮಾರಿಗೆ ವಸ್ತುಪಾಠಗಳ ಪುಸ್ತಕವೊಂದನ್ನು ರಚಿಸಿದರು. ಅದರ ಮೊದಲನೆಯ ಪಾಠವೇ ಗಾಜು. ಮಕ್ಕಳು ಗಾಜಿನ ತುಂಡನ್ನು ಕೈಯಲ್ಲಿ ಹಿಡಿದು, ಅದರ ಮೂಲಕ ನೋಡಿ, ಮುಟ್ಟಿ, ತಮಗೆ ತೋರಿದುದನ್ನು ಹೇಳಬೇಕು. ಆ ಗುಣಕ್ಕೆ ಹೆಸರೇನೆಂಬುದನ್ನು ಉಪಾಧ್ಯಾಯರು ಆಮೇಲೆ ತಿಳಿಸಬೇಕು. ಕ್ರಮವು ಒಳ್ಳೆಯದೇ. ಆದರೆ ಪುಸ್ತಕವು ಅನೇಕ ಮುದ್ರಣಗಳನ್ನು ಕಂಡು ಕೈಯಿಂದ ಕೈಗೆ ಹೋದಂತೆಲ್ಲ ಗಾಜಿನ ತುಂಡು ಹಿಂದೆ ಉಳಿಯಿತು. ‘ಪಾರದರ್ಶಕ’ ಎಂಬ ಪದ ಮಾತ್ರ ತರಗತಿಗೆ ಬಂದಿತು. ಚಾರ್ಲ್ಸ್ ಡಿಕನ್ಸ್ 1854ರಲ್ಲಿ ಪ್ರಕಟಿಸಿದ ‘ಹಾರ್ಡ್ ಟೈಮ್ಸ್’ ಎಂಬ ಕಾದಂಬರಿಯ ಆರಂಭದಲ್ಲಿ, ಕುದುರೆಗಳ ನಡುವೆಯೇ ಬೆಳೆದ ಹುಡುಗಿಯು ಕುದುರೆಯ ಲಕ್ಷಣವನ್ನು ಹೇಳಲಾರದೆ ಮೌನವಾಗಿ ನಿಲ್ಲುತ್ತಾಳೆ. ಹಲ್ಲುಗಳ ಎಣಿಕೆಯನ್ನು ಬಾಯಿಪಾಠಮಾಡಿದ ಹುಡುಗನು ಮೆಚ್ಚುಗೆ ಪಡೆಯುತ್ತಾನೆ.

ಇದನ್ನು ಓದಿ ನಗುವ ಅಧಿಕಾರವು ಸಂಸ್ಕೃತ ಪಾಠಶಾಲೆಗಳವರಿಗೂ ಹೆಚ್ಚಾಗಿಲ್ಲ. ಅನ್ನಂಭಟ್ಟರ ತರ್ಕಸಂಗ್ರಹವನ್ನು ಕಂಠಸ್ಥಮಾಡಿದ ವಟುವು ಪೃಥ್ವಿಗೆ ಗಂಧವೇ ಲಕ್ಷಣವೆಂದು ನಿದ್ರೆಯಲ್ಲಿಯೂ ಒಪ್ಪಿಸಬಲ್ಲನು; ಮೊದಲ ಮಳೆ ಬಿದ್ದ ಮಣ್ಣನ್ನು ಅವನು ಎಂದಾದರೂ ಮೂಸಿ ನೋಡಿದನೇ ಎಂದು ಕೇಳುವ ಗುರುಗಳು ವಿರಳ. ಆದರೆ ಅದೇ ಶಾಸ್ತ್ರವು ಹೊಗೆಯಿಂದ ಬೆಂಕಿಯನ್ನು ಊಹಿಸುವ ಪ್ರಸಂಗದಲ್ಲಿ ದೃಷ್ಟಾಂತಕ್ಕಾಗಿ ಮಹಾನಸಕ್ಕೆ, ಎಂದರೆ ಅಡುಗೆಯ ಮನೆಗೆ, ಹೋಗುತ್ತದೆ. ಸಾಮಾನ್ಯ ನಿಯಮವೊಂದನ್ನು ಹೇಳಬೇಕಾದರೆ ಎಲ್ಲರೂ ದಿನವೂ ನೋಡಿದ ಸ್ಥಳದಿಂದಲೇ ಹೊರಡಬೇಕೆಂಬುದನ್ನು ನೈಯಾಯಿಕರು ಅರಿತಿದ್ದರು. ಕಿಂಗ್ಸ್ ಸೋಂಬರ್ನ್ ಗ್ರಾಮದ ಪಾದ್ರಿಗಳಿಗೆ ತರ್ಕಶಾಸ್ತ್ರದ ಪರಿಚಯವಿರಲು ಕಾರಣವಿಲ್ಲ. ಆದರೂ ಅವರು ಹಿಡಿದ ದಾರಿ ಅದೇ ಆಗಿದ್ದಿತು.

ಆ ಪಾದ್ರಿಗಳ ಹೆಸರು ರಿಚರ್ಡ್ ಡಾಸ್. ಯಾರ್ಕ್‌ಷೈರಿನ ಹಾಸ್ ಎಂಬಲ್ಲಿ 1793ರಲ್ಲಿ ಜನಿಸಿದ ಇವರಿಗೆ ಬಾಲ್ಯದಲ್ಲಿ ದೊರೆತ ಗುರುಗಳು ಕೆಂಡಲ್ ಪಟ್ಟಣದ ಜಾನ್ ಗಾಫ್. ಗಾಫರು ಮೂರು ವರ್ಷ ತುಂಬುವುದಕ್ಕೆ ಮೊದಲೇ ಸಿಡುಬಿನಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡವರು. ಗಿಡಗಳನ್ನು ಸ್ಪರ್ಶದಿಂದಲೇ ಗುರುತಿಸಿ ಹೆಸರಿಸುತ್ತಿದ್ದ ಈ ಅಂಧಪಂಡಿತರಲ್ಲಿ, ಪರಮಾಣುವಾದಕ್ಕೆ ಹೊಸ ರೂಪವನ್ನು ಕೊಟ್ಟ ಜಾನ್ ಡಾಲ್ಟನ್ ಸಹ ಶಿಷ್ಯತ್ವವನ್ನು ಪಡೆದಿದ್ದರು. ಕಣ್ಣಿಲ್ಲದ ಗುರುವಿನಿಂದ ಪ್ರಕೃತಿಯನ್ನು ನೋಡಲು ಕಲಿತದ್ದು ವಿಚಿತ್ರವೆಂದು ತೋರಬಹುದು. ಆದರೆ ಪುಸ್ತಕವನ್ನು ತಾನಾಗಿ ಓದಲಾರದವನಿಗೆ ವಸ್ತುವೇ ಪುಸ್ತಕವಾಗಿರುತ್ತದೆ. ಡಾಸರು ಮುಂದೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ವ್ಯಾಸಂಗಮಾಡಿ 1817ರ ಪರೀಕ್ಷೆಯಲ್ಲಿ ನಾಲ್ಕನೆಯವರಾಗಿ ತೇರ್ಗಡೆಯಾದರು. ಅಲ್ಲಿಯ ಡೌನಿಂಗ್ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು. ರಾಜಮತಕ್ಕೆ ಸೇರದ ಕ್ರೈಸ್ತರಿಗೂ ವಿಶ್ವವಿದ್ಯಾನಿಲಯದ ಪದವಿಗಳು ದೊರೆಯಬೇಕೆಂಬ ಪಕ್ಷವನ್ನು ಹಿಡಿದುದರಿಂದ ಅಲ್ಲಿಯ ದೊಡ್ಡವರ ಪ್ರಸನ್ನತೆಯು ಅವರಿಗೆ ತಪ್ಪಿತು. 1836ರಲ್ಲಿ ಕಾಲೇಜನ್ನು ಬಿಟ್ಟು ಗ್ರಾಮದ ಪಾದ್ರಿಗಳಾಗಿ ಬಂದರು.

ಅವರ ಶಾಲೆಯಲ್ಲಿ ಮಕ್ಕಳು ದಿನವೂ ಕಾಣುವ ಪದಾರ್ಥಗಳೇ ಪಾಠಕ್ಕೆ ಮೊದಲಾಗುತ್ತಿದ್ದವು. ಅರ್ಧ ಗಾಳಿ ತುಂಬಿ ಬಾಯಿ ಕಟ್ಟಿದ ಚರ್ಮದ ಚೀಲವನ್ನು ಬೆಂಕಿಯ ಬಳಿ ಹಿಡಿದರೆ ಉಬ್ಬುವುದೇಕೆ? ಪೀಪಾಯಿಯ ಮೇಲ್ಭಾಗದಲ್ಲಿ ರಂಧ್ರವಿಲ್ಲದಿದ್ದರೆ ಕೆಳಗಿನ ನಲ್ಲಿಯನ್ನು ತಿರುಗಿಸಿದರೂ ದ್ರವವು ನಿಂತು ನಿಂತು ಸುರಿಯುವುದೇಕೆ? ಸಕ್ಕರೆಯ ಹರಳಿನ ತುದಿ ಮಾತ್ರ ಚಹಾದಲ್ಲಿ ಮುಳುಗಿದ್ದರೂ ಹರಳೆಲ್ಲವೂ ನೆನೆಯುವುದೇಕೆ? ಚಳಿಯಲ್ಲಿ ಹೊದೆಯುವ ಕಂಬಳಿಯು ಬಿಸಿಯನ್ನು ಹುಟ್ಟಿಸುವುದೇ, ಇಲ್ಲವೇ ಇರುವ ಬಿಸಿಯನ್ನು ಹೋಗಗೊಡದೆ ತಡೆಯುವುದೇ? ತಿದಿ, ನೀರೆತ್ತುವ ಪಂಪು, ಉಷ್ಣಮಾಪಕ, ವಾಯುಭಾರಮಾಪಕ ಇವೆಲ್ಲವೂ ಇಂಥ ಪ್ರಶ್ನೆಗಳ ಹಿಂದೆ ಬರುತ್ತಿದ್ದವು, ಮುಂದೆ ಬರುತ್ತಿರಲಿಲ್ಲ.

ಚಹಾಪಾತ್ರೆಯ ಪಾಠವು ಬಹಳ ಪ್ರಸಿದ್ಧವಾದುದು. ಥಳಥಳಿಸುವ ಲೋಹದ ಪಾತ್ರೆಯಲ್ಲಿ ಚಹಾ ಹೆಚ್ಚು ಹೊತ್ತು ಬಿಸಿಯಾಗಿರುತ್ತದೆ. ಕಪ್ಪಾದ ಮಣ್ಣಿನ ಪಾತ್ರೆಯಲ್ಲಿ ಬೇಗ ಆರುತ್ತದೆ. ಇದರ ಕಾರಣವನ್ನು ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಎಂಬ ವಿಜ್ಞಾನಿಗಳು 1804ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದರು. ಅವರು ತಗಡಿನ ಒಂದು ಚೌಕ ಪೆಟ್ಟಿಗೆಯಲ್ಲಿ ಬಿಸಿನೀರು ತುಂಬಿ, ಒಂದು ಮುಖಕ್ಕೆ ಮೆರುಗು ಕೊಟ್ಟು, ಮತ್ತೊಂದಕ್ಕೆ ಮಸಿ ಬಳಿದು ಪರೀಕ್ಷಿಸಿದಾಗ, ಒಳಗಿನ ನೀರು ಒಂದೇ ಆಗಿದ್ದರೂ ಮಸಿಯ ಮುಖದಿಂದ ಶಾಖವು ಬಹಳ ಹೆಚ್ಚಾಗಿಯೂ ಮೆರುಗಿನ ಮುಖದಿಂದ ಬಹಳ ಕಡಮೆಯಾಗಿಯೂ ಹೊರಹೊಮ್ಮುತ್ತಿದ್ದಿತು. ಪಂಡಿತರ ಸಭೆಗೆ ಹೊಸದಾಗಿದ್ದ ಈ ತತ್ತ್ವವು ನಾಲ್ವತ್ತು ವರ್ಷಗಳಲ್ಲಿ ಕೂಲಿಯವರ ಮಕ್ಕಳ ಮುಂದೆ ಚಹಾಪಾತ್ರೆಯ ರೂಪದಲ್ಲಿ ಬಂದು ನಿಂತಿತು. ಬೆಳಗಿದ ಹಿತ್ತಾಳೆಯ ತಂಬಿಗೆ ಒಂದು, ಮಸಿ ಹಿಡಿದ ಅದೇ ಅಳತೆಯ ತಂಬಿಗೆ ಒಂದು, ಎರಡಕ್ಕೂ ಕುದಿಯುವ ನೀರು: ಕನ್ನಡನಾಡಿನ ಯಾವ ಮನೆಯಲ್ಲಿ ತಾನೇ ಈ ಪರೀಕ್ಷೆಯನ್ನು ಮಾಡಲಾಗದು?

ಲೆಕ್ಕವೂ ಈ ಪಾಠಗಳೊಡನೆಯೇ ಸೇರಿಕೊಳ್ಳುತ್ತಿದ್ದಿತು. ಮಕ್ಕಳು ಶಾಲೆಯ ಕೊಠಡಿಯನ್ನು ಅಳೆಯುವರು. ಕಡಿದು ಬಿದ್ದ ಮರದ ಸುತ್ತಳತೆಯನ್ನು ಪಟ್ಟಿಯಿಂದ ಹಿಡಿದು ಎಷ್ಟು ಮರಮುಟ್ಟು ದೊರೆಯುವುದೆಂದು ಗುಣಿಸುವರು. ಬರಿದೆಂದು ತೋರುವ ಕೊಠಡಿಯು ಬರಿದಲ್ಲವೆಂಬುದನ್ನು ಬಾಯಿಮಾತಿನಿಂದ ಹೇಳಿದರೆ ಆರು ವರ್ಷದ ಮಗುವು ನಂಬೀತು, ಮರೆತೀತು. ಒಂದು ಘನ ಅಡಿ ಗಾಳಿಯ ತೂಕವು ಸುಮಾರು 1.2 ಔನ್ಸು. 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೊಠಡಿಯಲ್ಲಿ 6,000 ಘನ ಅಡಿ ಗಾಳಿಯಿದ್ದು ಅದು ಸುಮಾರು 450 ಪೌಂಡು ತೂಗುತ್ತದೆ; ಎಂದರೆ ಒಂದು ಬೆಂಚಿನ ತುಂಬ ಕುಳಿತ ಏಳೆಂಟು ಬಾಲಕರ ತೂಕ. ಚಿಕ್ಕವರು ಇದನ್ನು ಲೆಕ್ಕಹಾಕಲಾರರು. ದೊಡ್ಡವರು ಹಾಕಿದ ಲೆಕ್ಕವನ್ನು ಬೆರಗಿನಿಂದ ಕೇಳಬಲ್ಲರು.

ಡಾಸರ ಕ್ರಮದಲ್ಲಿ ದೋಷವಿರಲಿಲ್ಲವೆಂದಲ್ಲ. 1847ರಲ್ಲಿ ಅವರು ಉಪಾಧ್ಯಾಯರಿಗಾಗಿ ಪ್ರಕಟಿಸಿದ ಸೂಚನಾಗ್ರಂಥದಲ್ಲಿ ವ್ಯಾಕರಣದಿಂದ ಭೂಗೋಳಕ್ಕೆ, ಭೂಗೋಳದಿಂದ ಉಷ್ಣಕ್ಕೆ ಹಾರಿಹೋಗುವ ರೀತಿಯು ಕ್ರಮಬದ್ಧವಾದ ಶಾಸ್ತ್ರವನ್ನು ಬಯಸುವವರಿಗೆ ಬೇಸರವನ್ನುಂಟುಮಾಡುತ್ತದೆ. ಆದರೆ ಮಗುವಿನ ಪ್ರಶ್ನೆಗಳೂ ಕ್ರಮಬದ್ಧವಾಗಿ ಬರುವುದಿಲ್ಲವಷ್ಟೆ. ಆ ಗ್ರಂಥವು ಹಲವು ಬಾರಿ ಮುದ್ರಣವಾಯಿತು.

ಶಾಲೆಯ ವ್ಯವಸ್ಥೆಯೂ ಅಷ್ಟೇ ವಿಚಾರಪೂರ್ವಕವಾಗಿದ್ದಿತು. ಕೂಲಿಯವನ ಮಗುವಿಗೆ ವಾರಕ್ಕೆ ಎರಡು ಪೆನ್ಸು ಶುಲ್ಕ. ಅನುಕೂಲಸ್ಥರಾದ ಬೇಸಾಯಗಾರರ ಮಕ್ಕಳಿಗೆ ಅದಕ್ಕಿಂತ ಹೆಚ್ಚು. ಇಬ್ಬರೂ ಕುಳಿತುಕೊಳ್ಳುವುದು ಒಂದೇ ಬೆಂಚಿನಲ್ಲಿ. ಪುಸ್ತಕಗಳನ್ನು ಧರ್ಮಾರ್ಥವಾಗಿ ಹಂಚದೆ ಕ್ರಯಕ್ಕೆ ಕೊಡುತ್ತಿದ್ದರು. ಬಡ ತಂದೆತಾಯಿಗಳು ಕಾಸು ಕೂಡಿಸಿ ಕೊಂಡ ಪುಸ್ತಕವು ಸಂಜೆ ಮಗುವಿನೊಡನೆ ಮನೆಗೆ ಹೋಗುತ್ತಿದ್ದಿತು. ಸರ್ಕಾರದ ಪರವಾಗಿ ಶಾಲೆಗಳನ್ನು ತನಿಖೆಮಾಡುತ್ತಿದ್ದ ಹೆನ್ರಿ ಮೋಸ್ಲಿಯವರು, ಸ್ವತಃ ಗಣಿತಪಂಡಿತರಾದುದರಿಂದ, ಇದರ ಬೆಲೆಯನ್ನು ಕೂಡಲೆ ಗ್ರಹಿಸಿ ತಮ್ಮ ವರದಿಯಲ್ಲಿ ವಿಸ್ತಾರವಾಗಿ ಪ್ರಶಂಸಿಸಿದರು. ವಿಜ್ಞಾನದ ಉಪಕರಣಗಳನ್ನು ಕೊಳ್ಳುವ ಶಾಲೆಗಳಿಗೆ ಸರ್ಕಾರದ ಸಹಾಯಧನವೂ ದೊರೆಯತೊಡಗಿತು. ಆಷ್‌ಬರ್ಟನ್ ಪ್ರಭುಗಳು 1853ರಲ್ಲಿ, ಸಾಮಾನ್ಯ ಪದಾರ್ಥಗಳ ಜ್ಞಾನವನ್ನು ಚೆನ್ನಾಗಿ ಬೋಧಿಸುವ ಉಪಾಧ್ಯಾಯರಿಗೆ ಬಹುಮಾನಗಳನ್ನು ಏರ್ಪಡಿಸಿದರು. ಡಾಸರು 1850ರಲ್ಲಿಯೇ ಹೆರೆಫರ್ಡ್ ಮಹಾದೇವಾಲಯದ ಡೀನ್ ಪದವಿಗೆ ಏರಿದ್ದರು.

ಎಲ್ಲರೂ ಸಂತೋಷಪಡಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ರಾಟ್ಸ್‌ಲಿ ಪ್ರಭುಗಳು 1860ರ ಸುಮಾರಿಗೆ ಬರೆದ ಒಂದು ಪ್ರಸಂಗವು ಈ ವಿಷಯದಲ್ಲಿ ದೀಪದಂತಿದೆ. ಬಡವರ ಮಕ್ಕಳಿಗೆ ವಿಜ್ಞಾನದ ಪಾಠವು ನಡೆಯುತ್ತಿದ್ದಾಗ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೇಳಲು ಬಾಲಕನೊಬ್ಬನು ಕುಂಟುತ್ತ ಮುಂದೆ ಬಂದನು. ಬೆನ್ನು ಗೂನು, ಮುಖ ಬಿಳಿಚಿಕೊಂಡು ಸೊರಗಿದ್ದಿತು. ಅವನ ಉತ್ತರವು ಮಾತ್ರ ಅತ್ಯಂತ ವಿಶದವಾಗಿದ್ದಿತು. ಕೇಳಿದವರಿಗೆ ಮೆಚ್ಚುಗೆಯಾಯಿತು, ಅದರೊಡನೆಯೇ ನಾಚಿಕೆಯೂ ಆಯಿತು. ಮೇಲಿನ ಅಂತಸ್ತಿನವರ ಮಕ್ಕಳಿಗಿಲ್ಲದ ಅರಿವು ಕೆಳಗಿನವರ ಮಗುವಿಗಿದೆಯಲ್ಲಾ ಎಂಬ ನಾಚಿಕೆ. ಪ್ರಭುಗಳು ಆ ಬಾಲಕನನ್ನು ಹಳಿಯಲಿಲ್ಲ, ವಿಜ್ಞಾನವನ್ನೂ ಹಳಿಯಲಿಲ್ಲ. ಆದರೆ ಸ್ಥಾನದಲ್ಲಿ ಕಡಮೆಯಾದವರು ಬುದ್ಧಿಯಲ್ಲಿ ಸಾಮಾನ್ಯವಾಗಿ ಮೇಲಾಗಿಬಿಡುವುದು ಸಮಾಜದ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ತೀರ್ಮಾನಿಸಿದರು. ಆ ಬಾಲಕನ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ.

ಇದೊಂದೇ ಭಾವನೆಯಿಂದ ವಿಜ್ಞಾನದ ಪಾಠಗಳು ನಿಂತುವೆಂದು ಹೇಳಿದರೆ ನ್ಯಾಯವಾಗದು. ಹಣದ ಮಾತೂ ಇದ್ದಿತು. ಪ್ರಾಥಮಿಕ ವಿದ್ಯಾಭ್ಯಾಸಕ್ಕಾಗಿ ಬ್ರಿಟಿಷ್ ಸರ್ಕಾರವು 1833ರಲ್ಲಿ ಕೊಟ್ಟ ಸಹಾಯಧನ 20,000 ಪೌಂಡು. 1861ರಲ್ಲಿ ಅದು 8 ಲಕ್ಷ ಪೌಂಡನ್ನು ಮೀರಿದ್ದಿತು. ನಡುವೆ ಕ್ರಿಮಿಯಾ ಯುದ್ಧದ ವೆಚ್ಚವೂ ಬಂದು ಬೊಕ್ಕಸವು ಬಳಲಿತ್ತು. ಆಗ ಇಲಾಖೆಯ ಅಧಿಕಾರದಲ್ಲಿದ್ದ ರಾಬರ್ಟ್ ಲೋ ಎಂಬವರು 1862ರಲ್ಲಿ ಪರಿಷ್ಕೃತ ನಿಯಮಾವಳಿಯನ್ನು ಜಾರಿಗೆ ತಂದರು. ಅದರಂತೆ ಮಗುವಿನ ಹಾಜರಿಗೆ 4 ಶಿಲಿಂಗು, ಪರೀಕ್ಷೆಗೆ 8 ಶಿಲಿಂಗು. ಪರೀಕ್ಷೆಯು ಓದು, ಬರಹ, ಲೆಕ್ಕ ಎಂಬ ಮೂರರಲ್ಲಿ ಮಾತ್ರ. ಒಂದೊಂದರಲ್ಲಿ ತಪ್ಪಿದರೆ 2 ಶಿಲಿಂಗು 8 ಪೆನ್ಸು ಖೋತಾ. ಆರು ವರ್ಷಕ್ಕೆ ಕಡಮೆಯಾದ ಶಿಶುಗಳಿಗೆ ಪರೀಕ್ಷೆಯಿಲ್ಲ. ತನಿಖೆಯ ದಿವಸ ಬಂದು ಕುಳಿತಿದ್ದರೆ 6 ಶಿಲಿಂಗು 6 ಪೆನ್ಸು. ಈ ಏರ್ಪಾಡಿನ ವಿರುದ್ಧ, ಸ್ವತಃ ತನಿಖಾಧಿಕಾರಿಗಳಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡರು ಧೈರ್ಯವಾಗಿ ಬರೆದರು, ಫಲವಾಗಲಿಲ್ಲ. 1865ರ ವೇಳೆಗೆ ಸಹಾಯಧನವು ಸುಮಾರು 6 ಲಕ್ಷ 36 ಸಾವಿರ ಪೌಂಡಿಗೆ ಇಳಿಯಿತು.

ವಿಜ್ಞಾನವನ್ನು ಕಲಿಸಕೂಡದೆಂದು ನಿಯಮಾವಳಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದಕ್ಕೆ ಹಣವಿಲ್ಲವೆಂಬುದಷ್ಟೇ. ಹೀಗಿರಲು ಯಾವ ಉಪಾಧ್ಯಾಯನು ತಾನೇ ತನ್ನ ಸಂಬಳದ ಕಾಲವನ್ನು ಚಹಾಪಾತ್ರೆಗೆ ವೆಚ್ಚಮಾಡಿಯಾನು? ಉಪಕರಣಗಳು ಕಪಾಟನ್ನು ಸೇರಿದುವು. ಇದೇ ವಿಧದ ಫಲಾನುಸಾರ ಸಹಾಯಧನವು ಸ್ವಲ್ಪಕಾಲದಲ್ಲಿಯೇ ಮದರಾಸು, ಮುಂಬಯಿ ಪ್ರಾಂತಗಳ ಖಾಸಗಿ ಶಾಲೆಗಳಿಗೂ ಬಂದಿತು. ಮಂಗಳೂರು, ಬಳ್ಳಾರಿಗಳು ಮೊದಲನೆಯದಕ್ಕೂ ಧಾರವಾಡ, ಬೆಳಗಾವಿಗಳು ಎರಡನೆಯದಕ್ಕೂ ಆಗ ಸೇರಿದ್ದುವು. ಈ ದೇಶದಲ್ಲಿ ಅದು ತೊಲಗುವಷ್ಟರಲ್ಲಿ 20ನೆಯ ಶತಮಾನವು ಹುಟ್ಟಿದ್ದಿತು.

ಡಾಸರು 1867ರಲ್ಲಿ ಹೆರೆಫರ್ಡಿನಲ್ಲಿ ಕಾಲವಾದರು. ಅವರು ತೀರಿಕೊಂಡ 28 ವರ್ಷಗಳ ಮೇಲೆ, 1895ರಲ್ಲಿ, ಇಂಗ್ಲೆಂಡಿನ ವಿದ್ಯಾ ಇಲಾಖೆಯವರು ಕೆಳಗಿನ ಮೂರು ತರಗತಿಗಳಲ್ಲಿ ವಸ್ತುಪಾಠವನ್ನು ಕಡ್ಡಾಯಮಾಡಿದರು. ವಸ್ತುವಿನ ಮೂಲಕ ಕಲಿಸುವುದು ಬೇರೆ, ವಸ್ತುವಿನ ವಿಷಯವಾಗಿ ಸಂಗತಿಗಳನ್ನು ಹೇಳುವುದು ಬೇರೆ ಎಂದು ವಿವರಿಸಿ ಒಂದು ಸುತ್ತೋಲೆಯನ್ನೂ ಹೊರಡಿಸಿದರು. ಸುತ್ತೋಲೆಯು ಬಹು ಚೆನ್ನಾಗಿದ್ದಿತು. ಅದನ್ನು ಕೈಗೆ ತೆಗೆದುಕೊಂಡ ಉಪಾಧ್ಯಾಯರಲ್ಲಿ ಬಹುಮಂದಿ 1862ರ ನಿಯಮಾವಳಿಯ ಕೆಳಗೆ ಓದಿ ಬೆಳೆದವರು. ಚರ್ಮದ ಚೀಲವು ಬೆಂಕಿಯ ಬಳಿ ಏಕೆ ಉಬ್ಬುವುದೆಂದು ಬಾಲ್ಯದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.