‘ಪೀಸ್’ ಹಳದಿ ಗುಲಾಬಿ: ಬೆಳೆಗಾರರ ಅಭಿಪ್ರಾಯ ಬದಲಾದ ಬಗೆ

ನರ್ಸರಿಯಲ್ಲಿ ಗುಲಾಬಿ ಸಸಿ ಕೊಳ್ಳುವಾಗ ನೀವು ಮೊದಲು ವಿಚಾರಿಸುವುದು ತಳಿಯ ಹೆಸರನ್ನು. ಆ ಹೆಸರು ಎಂತಹ ಹವಾಗುಣದಲ್ಲಿ, ಯಾವ ಕಾಲದಲ್ಲಿ ಕೀರ್ತಿ ಗಳಿಸಿತು ಎಂದು ವಿಚಾರಿಸುವವರು ಕಡಿಮೆ. ಜಗತ್ಪ್ರಸಿದ್ಧ ಹಳದಿ ಹೈಬ್ರಿಡ್ ಟೀ ತಳಿಯಾದ ‘ಪೀಸ್’ ಚರಿತ್ರೆಯನ್ನು ಈ ದೃಷ್ಟಿಯಿಂದ ಗಮನಿಸಬೇಕು.

ಫ್ರಾನ್ಸಿನ ಲಿಯೋನ್ ಪ್ರದೇಶದ ತಳಿ ಸಂವರ್ಧಕ ಫ್ರಾನ್ಸಿಸ್ ಮೆಯಾಂ 1935ರಲ್ಲಿ ಮಾಡಿದ ಸಂಕರಣದಿಂದ ಈ ತಳಿ ಹುಟ್ಟಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದರ ಕಸಿಕಡ್ಡಿಗಳನ್ನು ಜರ್ಮನಿ, ಇಟಲಿ ಮತ್ತು ಅಮೆರಿಕಕ್ಕೆ ಕಳುಹಿಸಲಾಯಿತು. 1945ರ ಏಪ್ರಿಲ್ 29ರಂದು ಅಮೆರಿಕದಲ್ಲಿ ಇದಕ್ಕೆ ‘ಪೀಸ್’ ಎಂದು ನಾಮಕರಣವಾಯಿತು.

ಬೆಳೆಗಾರರನ್ನು ಮೊದಲು ಗೆದ್ದದ್ದು ಹೂವಿಗಿಂತ ಮಿಗಿಲಾಗಿ ಎಲೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವಿದೆ. ಪೆರ್ನೆ-ದುಷೆ ಅವರು ಪರ್ಷಿಯನ್ ಹಳದಿ ಗುಲಾಬಿಯನ್ನು ಬಳಸಿ 1900ರಲ್ಲಿ ‘ಸೊಲೇ ದೋರ್’ ತಳಿಯನ್ನು ಹೊರತಂದಾಗ ಉದ್ಯಾನ ಗುಲಾಬಿಗೆ ಗಾಢ ಹಳದಿ ಬಣ್ಣ ದೊರೆಯಿತು. ಜೊತೆಗೆ ಕಪ್ಪು ಚುಕ್ಕೆ ರೋಗಕ್ಕೆ ಸುಲಭವಾಗಿ ತುತ್ತಾಗುವ ಗುಣವೂ ಬಂತು. ಹಳದಿ ಎಂದರೆ ದುರ್ಬಲ ಗಿಡ ಎಂಬ ಭಾವನೆ ಬೇರೂರಿದ್ದ ಕಾಲದಲ್ಲಿ ದಪ್ಪ ರೆಂಬೆ, ಹೊಳೆಯುವ ಕಡುಹಸಿರು ಎಲೆ, 40ಕ್ಕೂ ಹೆಚ್ಚು ದಳಗಳ ದೊಡ್ಡ ಹೂ ಹೊತ್ತ ‘ಪೀಸ್’ ಬಂದಿತು.

ಆಕ್ಷೇಪಗಳೂ ಇದ್ದವು. ಸುವಾಸನೆ ಅಲ್ಪ. ತಂಪು ಹವೆಯಲ್ಲಿ ಗುಲಾಬಿ ಅಂಚಿನಿಂದ ಶೋಭಿಸುವ ಹಳದಿ, ಬಿಸಿಲಿನಲ್ಲಿ ಕೆನೆಬಣ್ಣಕ್ಕೆ ಇಳಿಯುತ್ತದೆ. ಇತರ ಹೈಬ್ರಿಡ್ ಟೀ ಗಿಡಗಳಂತೆ ಇದನ್ನೂ ಗಿಡ್ಡವಾಗಿ ಸವರಿದವರಿಗೆ ಮೊಗ್ಗು ಕಟ್ಟದ ಬರಡು ಚಿಗುರುಗಳೇ ಹೆಚ್ಚಾಗಿ ಕಂಡವು. ಹಗುರವಾಗಿ ಸವರಿದವರಿಗೆ ಹೂ ಚೆನ್ನಾಗಿ ಬಂದವು. ಕತ್ತರಿಯ ತಪ್ಪು ತಳಿಯ ಮೇಲೆ ಬರುವುದು ನಮ್ಮಲ್ಲಿಯೂ ಹೊಸತಲ್ಲ.

ರೋಗದ ವಿಷಯದಲ್ಲಿ ಅಭಿಪ್ರಾಯ ಬದಲಾದದ್ದು ನಿಧಾನವಾಗಿ. ಬ್ರಿಟನ್ನಿನ ಕೈಗಾರಿಕಾ ನಗರಗಳಲ್ಲಿ ಕಲ್ಲಿದ್ದಲ ಹೊಗೆಯಲ್ಲಿದ್ದ ಗಂಧಕದ ಡೈಆಕ್ಸೈಡ್ ಕಪ್ಪು ಚುಕ್ಕೆ ಶಿಲೀಂಧ್ರವನ್ನು ಅಡಗಿಸಿತ್ತು. ಗಂಧಕವನ್ನು ಬೂದಿ ರೋಗಕ್ಕೆ ಬಳಸುವ ನಿಮಗೆ ಇದು ಅಚ್ಚರಿಯೆನಿಸದು. 1956ರ ಶುದ್ಧ ಗಾಳಿ ಕಾಯಿದೆಯ ನಂತರ ಹೊಗೆ ತಗ್ಗುತ್ತಾ ಬಂದಂತೆ ರೋಗ ತಲೆಯೆತ್ತಿತು. ಗಿಡ ಅದೇ, ಪರಿಸರ ಬೇರೆ. ‘ಪೀಸ್’ ಮೊದಲಿನಂತಿಲ್ಲ, ಸೊರಗಿದೆ ಎಂಬ ದೂರು ಕೂಡ ಅನಂತರದ ದಶಕಗಳಲ್ಲಿ ಕೇಳಿಬಂತು. ಕೋಟಿಗಟ್ಟಲೆ ಗಿಡಗಳನ್ನು ಕಣ್ಣು ಕಸಿಯಿಂದ ವೃದ್ಧಿಸುವಾಗ ಬಲಹೀನ ತಾಯಿಗಿಡಗಳಿಂದ ಕಣ್ಣು ತೆಗೆದಿದ್ದರೆ, ಅಥವಾ ನಂಜಾಣು ಹೊತ್ತ ಬೇರುಸಸಿಗೆ ಕಸಿ ಕಟ್ಟಿದ್ದರೆ, ಹಾಗಾಗುವುದು ಸಹಜ. ಗುಲಾಬಿಯ ಮೊಸಾಯಿಕ್ ನಂಜು ಮುಖ್ಯವಾಗಿ ಹರಡುವುದು ಕಸಿಯ ಮೂಲಕವೇ. ಇಷ್ಟೆಲ್ಲ ದೂರುಗಳ ನಡುವೆಯೂ 1976ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟವು ಈ ತಳಿಗೆ ತನ್ನ ಅತ್ಯುನ್ನತ ಗೌರವ ನೀಡಿತು. ಪ್ರಶಸ್ತಿಯೊಂದನ್ನೇ ನೋಡಿ ಸಸಿ ಕೊಳ್ಳಬಾರದೆನ್ನಲು ಇದಕ್ಕಿಂತ ಉದಾಹರಣೆ ಬೇಡ.

ಆದ್ದರಿಂದ ಯಾವುದೇ ಹಳದಿ ತಳಿಯನ್ನು ಆರಿಸುವ ಮುನ್ನ ಚಳಿಗಾಲದ ಪ್ರದರ್ಶನದಲ್ಲಿ ಹೂ ನೋಡಿದರೆ ಸಾಲದು; ಮುಂಗಾರಿನಲ್ಲಿ ನಿಮ್ಮ ಸುತ್ತಲಿನ ತೋಟಗಳಲ್ಲಿ ಅದರ ಕೆಳಗಿನ ಎಲೆಗಳನ್ನು ಪರೀಕ್ಷಿಸಿ, ಬೇಸಿಗೆಯಲ್ಲಿ ಬಣ್ಣ ನಿಲ್ಲುವುದೇ ಎಂದು ನೋಡಿ. ಎಲೆ ಸುಮಾರು 7 ಗಂಟೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ಅಂಟಬಲ್ಲದು. ಗಿಡದ ಮೇಲೆ ನೀರು ಸುರಿಯದೆ ಹನಿ ನೀರಾವರಿಯಿಂದ ಬುಡಕ್ಕೆ ಕೊಡಿ, ಉದುರಿದ ಎಲೆಗಳನ್ನು ಆರಿಸಿ ಸುಟ್ಟುಬಿಡಿ. ನರ್ಸರಿಯವರಲ್ಲಿ ತಾಯಿಗಿಡವನ್ನು ತೋರಿಸುವಂತೆ ಕೇಳಿ. ಎಲೆಗಳಲ್ಲಿ ಹಳದಿ ಅಂಕುಡೊಂಕು ಗೆರೆ ಕಂಡರೆ ಆ ಸಸಿಗಳನ್ನು ಕೊಳ್ಳಬೇಡಿ. ಮೊದಲ ವರ್ಷ ಒಂದೆರಡು ಸಾಲು ಮಾತ್ರ ನೆಟ್ಟು, ಅರ್ಧದಷ್ಟು ಗಿಡಗಳನ್ನು ಗಿಡ್ಡವಾಗಿ, ಉಳಿದವನ್ನು ಹಗುರವಾಗಿ ಸವರಿ, ಎರಡೂ ಸಾಲುಗಳ ಹೂವಿನ ಲೆಕ್ಕ ಬರೆದಿಡಿ.