ಬೀಡಿ ಕಟ್ಟುವ ಬೆರಳಿಗೆ ಮೆದುಳಿನಲ್ಲಿ ಎಷ್ಟು ಜಾಗ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಜಗಲಿಗಳಲ್ಲಿ ತಡ್ಪೆ (ಮೊರ) ಮಡಿಲಿಗಿಟ್ಟು ಬೀಡಿ ಕಟ್ಟುವವರ ಕೈ ನೋಡಬೇಕು. ಎಲೆಗೆ ಹೊಗೆಸೊಪ್ಪು ತುಂಬಿ, ಸುರುಟಿ, ತುದಿ ಮಡಚಿ, ನೂಲು ಸುತ್ತುವಾಗ ಬಾಯಿ ನೆರೆಮನೆಯ ಸುದ್ದಿಯಲ್ಲಿರುತ್ತದೆ. ಬಲಗೈಯ ಈ ಚಳಕವನ್ನು ಆಡಿಸುವುದು ಎಡ ಮೆದುಳಿನ ಒಂದು ಸಪೂರ ಪಟ್ಟಿ, ಎಡಗೈಯದನ್ನು ಬಲ ಮೆದುಳಿನದು. ಗಡ್ಡೆ ಅದರ ಪಕ್ಕದಲ್ಲೇ ಬೆಳೆದರೆ? ಗಡ್ಡೆ ಹೋಗಬೇಕು, ಕೈ ಉಳಿಯಬೇಕು.

ಆ ಪಟ್ಟಿಯ ಗುರುತು ಸಿಕ್ಕಿದ್ದು 1870ರಲ್ಲಿ. ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ನಾಯಿಯ ಮೆದುಳಿಗೆ ಸಣ್ಣ ವಿದ್ಯುತ್ತು ಹಾಯಿಸಿದಾಗ ಎದುರು ಬದಿಯ ಕಾಲು ಅಲುಗಿತು. ನಾಲ್ಕೇ ವರ್ಷಕ್ಕೆ ಅಮೆರಿಕದ ಸಿನ್ಸಿನಾಟಿಯಲ್ಲಿ ವೈದ್ಯ ರಾಬರ್ಟ್ ಬಾರ್ತೊಲೊ, ಹುಣ್ಣಿನಿಂದ ಬುರುಡೆ ಸವೆದಿದ್ದ ಮೇರಿ ರ್‍ಯಾಫರ್ಟಿಯ ಮೆದುಳಿಗೇ ಸೂಜಿ ಚುಚ್ಚಿ ಅದೇ ಪ್ರಯೋಗ ಮಾಡಿದ. ಅವಳ ಕೈ ಸೆಟೆದುಕೊಂಡಿತು. ಕೆಲವೇ ದಿನಗಳಲ್ಲಿ ಅವಳು ತೀರಿಕೊಂಡಳು. ವೈದ್ಯಲೋಕ ಆತನನ್ನು ಖಂಡಿಸಿತು, ಖಂಡಿಸಲೇಬೇಕಿತ್ತು.

ಈ ವಿದ್ಯೆಯನ್ನು ರೋಗಿಯ ಹಿತಕ್ಕೆ ತಿರುಗಿಸಿದವರಲ್ಲಿ ಮಾಂಟ್ರಿಯಲ್‌ನ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಹೆಸರು ದೊಡ್ಡದು. ಮೆದುಳಿಗೆ ನೋವು ತಿಳಿಯುವುದಿಲ್ಲ. ನೆತ್ತಿಯ ಚರ್ಮವನ್ನು ಮಾತ್ರ ಜೋಮುಗೊಳಿಸಿ, ಎಚ್ಚರವಿದ್ದ ರೋಗಿಯ ಮೆದುಳನ್ನು ವಿದ್ಯುತ್ತಿನಿಂದ ಅಲ್ಲಲ್ಲಿ ಮುಟ್ಟಿ, ಯಾವ ಅಂಗ ಅಲುಗಿತೆಂದು ಅವರು ಬರೆದಿಟ್ಟರು. 1937ರಲ್ಲಿ ಸಹೋದ್ಯೋಗಿ ಬೋಲ್ಡ್ರಿ ಜೊತೆ ಪ್ರಕಟಿಸಿದ ನಕ್ಷೆಯಲ್ಲಿ ಬೆನ್ನು, ಹೊಟ್ಟೆಗೆ ಸಿಕ್ಕಿದ್ದು ಚೂರು ಜಾಗ. ಬೆರಳು, ತುಟಿ, ನಾಲಗೆಗೆ ಸಿಂಹಪಾಲು. ಬೀಡಿ ಕಟ್ಟುವವರಿಗೆ ಇದು ಸೋಜಿಗವೆನಿಸಲಿಕ್ಕಿಲ್ಲ.

ಪೆನ್‌ಫೀಲ್ಡ್ ಬಳಿ ಕಲಿತ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು. ಬೆಂಗಳೂರಿನಲ್ಲಿ, ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, 1958ರಲ್ಲಿ ಡಾ. ಆರ್.ಎಂ. ವರ್ಮ ಆ ಕೆಲಸ ಶುರುಮಾಡಿದರು. ಪಾರ್ಕಿನ್ಸನ್ ರೋಗದ ಕೈನಡುಕಕ್ಕೆ, ಬುರುಡೆ ಕೊರೆಯದೆ, ಕೆನ್ನೆಯ ಕಡೆಯಿಂದ ಬುರುಡೆಯ ತಳದ ಸಹಜ ರಂಧ್ರದಲ್ಲಿ ಸೂಜಿ ತೂರಿಸುವ ದಾರಿ ಅವರದು. ಮಣಿಪಾಲದಲ್ಲಿ 1953ರಲ್ಲೇ ವೈದ್ಯಕೀಯ ಕಾಲೇಜು ಬಂದಿತ್ತು. ಆದರೂ ತಲೆಯ ದೊಡ್ಡ ಕಾಯಿಲೆ ಎಂದರೆ ಬಿ.ಸಿ. ರೋಡಿನಿಂದ ಶಿರಾಡಿ, ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವುದು ಈ ಸೀಮೆಯವರಿಗೆ ಹೊಸತಲ್ಲ.

ಪೆನ್‌ಫೀಲ್ಡ್ ಮಾಡಿದಂಥ ಎಚ್ಚರದ ಶಸ್ತ್ರಚಿಕಿತ್ಸೆಯಲ್ಲಿ ಮಾತು ಬೇಕೇ ಬೇಕು. ‘ಕೈ ಎತ್ತಿ’ ಎನ್ನುವುದು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಎಲ್ಲರಿಗೂ ಆ ಧೈರ್ಯವೂ ಇರುವುದಿಲ್ಲ.

ನಿದ್ದೆಯಲ್ಲಿರುವವರ ಕೈಯನ್ನೂ ಕೇಳಿ ನೋಡುವ ಉಪಾಯ 1993ರಲ್ಲಿ ಬಂತು. ತನಿಗುಚಿ ಮತ್ತು ಸಂಗಡಿಗರು ಮೆದುಳಿಗೆ ಒಂದರ ಹಿಂದೊಂದು ಅತಿವೇಗದ ಕಿರುಮಿಡಿತಗಳ ಸಾಲನ್ನು ಕೊಟ್ಟರೆ ಅರಿವಳಿಕೆಯಲ್ಲೂ ಸ್ನಾಯು ಉತ್ತರಿಸುತ್ತದೆಂದು ತೋರಿಸಿದರು. ಹೆಬ್ಬೆರಳ ಬುಡಕ್ಕೆ, ತೋಳಿಗೆ, ಕಾಲಿಗೆ ಸಪೂರ ಸೂಜಿ ಚುಚ್ಚಿಡುತ್ತಾರೆ. ಉತ್ತರ ಪರದೆಯ ಮೇಲೆ ಅಲೆಯಾಗಿ ಮೂಡುತ್ತದೆ. ಅರಿವಳಿಕೆ ತಜ್ಞರಿಗೆ ಇಲ್ಲಿ ಇಕ್ಕಟ್ಟು: ಸ್ನಾಯು ಸಡಿಲಿಸುವ ಮದ್ದು ಮುಂದುವರಿಸಿದರೆ ಅಲೆ ಕಾಣದು, ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳೂ ಅದನ್ನು ಕುಗ್ಗಿಸುತ್ತವೆ. ಹಾಗಾಗಿ ಹೆಚ್ಚಾಗಿ ರಕ್ತನಾಳದ ಮೂಲಕ ಕೊಡುವ ಪ್ರೊಪೊಫಾಲ್. ವಿದ್ಯುತ್ತಿನಿಂದ ಅಪಸ್ಮಾರ ಬಂದರೆ ಮೆದುಳ ಮೇಲೆ ತಣ್ಣನೆಯ ದ್ರವ ಸುರಿಯುತ್ತಾರೆ.

ಗಡ್ಡೆಯ ಆಳಕ್ಕೆ ಇಳಿದಾಗ ಸ್ಥೂಲ ಲೆಕ್ಕ ಹೀಗೆ: ಒಂದು ಮಿಲಿಆಂಪಿಯರ್ ವಿದ್ಯುತ್ತೆಂದರೆ ಕೈಯನ್ನಾಡಿಸುವ ನರತಂತುವಿಗೆ ಸುಮಾರು ಒಂದು ಮಿಲಿಮೀಟರ್ ದೂರ. 10ಕ್ಕೆ ಹೆಬ್ಬೆರಳು ಉತ್ತರಿಸಿದರೆ ನರತಂತು ಇನ್ನೂ ದೂರವಿದೆ. 3ಕ್ಕೇ ಉತ್ತರಿಸಿದರೆ ಹತ್ತಿರ ಬಂದಾಯಿತು. ಅಲೆ ಅರ್ಧಕ್ಕಿಂತ ಹೆಚ್ಚು ಕುಸಿದರೆ ಕೆಲಸ ನಿಲ್ಲಿಸಿ, ರಕ್ತದೊತ್ತಡ ನೋಡಿ, ಕಾಯುತ್ತಾರೆ. ಅಲೆ ಮರಳದಿದ್ದರೆ ಅಲ್ಲಿಗೇ ಮುಗಿಸಿ, ಉಳಿದ ಗಡ್ಡೆಯನ್ನು ವಿಕಿರಣಕ್ಕೋ ಔಷಧಕ್ಕೋ ಬಿಡುವುದೂ ಉಂಟು.