ಈಮ್ ಗ್ರಾಮದ ಐತಿಹಾಸಿಕ ಸ್ಥಳಗಳು

ಈಮ್ ಇಂಗ್ಲೆಂಡಿನ ಡರ್ಬಿಶೈರ್ ಕೌಂಟಿಯ ಒಂದು ಗ್ರಾಮ. ಇದು ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ. 1665-66ರಲ್ಲಿ ಇಲ್ಲಿ ಪ್ಲೇಗ್ ಕಾಣಿಸಿಕೊಂಡಾಗ, ರೋಗವು ನೆರೆಯ ಊರುಗಳಿಗೆ ಹರಡದಂತೆ ಗ್ರಾಮಸ್ಥರು ತಮ್ಮ ಊರಿಗೆ ತಾವೇ ದಿಗ್ಬಂಧನ ಹಾಕಿಕೊಂಡರೆಂಬ ಕಾರಣಕ್ಕೆ ಗ್ರಾಮವು ಪ್ರಸಿದ್ಧವಾಗಿದೆ. ಗ್ರಾಮದ ಸುತ್ತಲಿನ ಸ್ಮಾರಕಗಳಲ್ಲಿ ಹಲವು ಆ ಘಟನೆಗೆ ಸಂಬಂಧಿಸಿವೆ. ಅದಕ್ಕಿಂತ ಬಹಳ ಹಿಂದಿನ ಅವಶೇಷಗಳೂ ಇಲ್ಲಿವೆ.

ಪ್ರಾಚೀನ ಅವಶೇಷಗಳು

ಗ್ರಾಮದ ಉತ್ತರಕ್ಕಿರುವ ಈಮ್ ಮೂರ್ ಎಂಬ ಬಯಲಿನಲ್ಲಿ ಕಂಚಿನ ಯುಗದ ಶಿಲಾವೃತ್ತವಿದೆ. ಇದರ ಹೆಸರು ವೆಟ್ ವಿದೆನ್ಸ್. ಮಣ್ಣಿನ ದಿಬ್ಬದ ಒಳಬದಿಯಲ್ಲಿ ಗಿಡ್ಡ ಕಲ್ಲುಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಲಾಗಿದೆ. ಸೇಂಟ್ ಲಾರೆನ್ಸ್ ಚರ್ಚಿನ ಆವರಣದಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಕೆತ್ತನೆಯ ಶಿಲುಬೆಯಿದೆ. ಅದರ ಕಂಬದ ಒಂದು ಭಾಗ ನಷ್ಟವಾಗಿದ್ದರೂ ತಲೆಭಾಗ ಉಳಿದುಕೊಂಡಿದೆ. ಚರ್ಚಿನ ಗೋಡೆಯ ಮೇಲಿನ ಸೂರ್ಯಗಡಿಯಾರವು 1775ರದು.

ಪ್ಲೇಗ್ ಮತ್ತು ದಿಗ್ಬಂಧನ

ಪ್ರಚಲಿತ ವಿವರಣೆಯಂತೆ, ಲಂಡನ್ನಿನಿಂದ ಗ್ರಾಮದ ದರ್ಜಿಯೊಬ್ಬನಿಗೆ ಬಂದ ಬಟ್ಟೆಯ ಗಂಟಿನಲ್ಲಿದ್ದ ಚಿಗಟಗಳಿಂದ ಸೋಂಕು ಹರಡಿತು. ಗಂಟು ಬಿಚ್ಚಿದ ಜಾರ್ಜ್ ವಿಕರ್ಸ್ 1665ರ ಸೆಪ್ಟೆಂಬರ್‌ನಲ್ಲಿ ಮೃತಪಟ್ಟನು. ಚಳಿಗಾಲದಲ್ಲಿ ತಗ್ಗಿದ್ದ ರೋಗವು ಮರುವರ್ಷದ ಬೇಸಿಗೆಯಲ್ಲಿ ಉಲ್ಬಣಿಸಿತು. ಆಗ ಪಾದ್ರಿ ವಿಲಿಯಂ ಮಾಂಪೆಸನ್ ಹಾಗೂ ಹಿಂದೆ ಅದೇ ಹುದ್ದೆಯಿಂದ ತೆಗೆದುಹಾಕಲ್ಪಟ್ಟಿದ್ದ ಪ್ಯೂರಿಟನ್ ಥಾಮಸ್ ಸ್ಟಾನ್ಲಿ ಭಿನ್ನಾಭಿಪ್ರಾಯವನ್ನು ಬದಿಗಿರಿಸಿ ಊರಿನವರನ್ನು ಒಪ್ಪಿಸಿದರು. ಯಾರೂ ಊರು ಬಿಡಬಾರದು, ಚರ್ಚಿನೊಳಗೆ ಪ್ರಾರ್ಥನೆ ನಡೆಸಬಾರದು, ಪ್ರತಿ ಕುಟುಂಬವೂ ತನ್ನವರ ಶವಗಳನ್ನು ತಾನೇ ಹೂಳಬೇಕು ಎಂಬ ಕ್ರಮಗಳು ಜಾರಿಗೆ ಬಂದವು. 1666ರ ನವೆಂಬರ್ ವೇಳೆಗೆ ರೋಗ ನಿಲ್ಲುವಷ್ಟರಲ್ಲಿ ಸುಮಾರು 260 ಜನರು ಮೃತಪಟ್ಟಿದ್ದರೆಂಬುದು ಸಾಂಪ್ರದಾಯಿಕ ಲೆಕ್ಕ.

ಪ್ಲೇಗ್ ಕಾಲದ ಸ್ಥಳಗಳು

ಗಡಿಕಲ್ಲು: ಈಮ್ ಮತ್ತು ನೆರೆಯ ಸ್ಟೋನಿ ಮಿಡ್ಲ್‌ಟನ್ ಗ್ರಾಮಗಳ ನಡುವಿನ ಕಾಲುದಾರಿಯಲ್ಲಿದೆ. ಹೊರಗಿನವರು ಇಲ್ಲಿ ಆಹಾರ ಇರಿಸಿ ಹೋಗುತ್ತಿದ್ದರು. ಗ್ರಾಮಸ್ಥರು ಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯಗಳನ್ನು ಬಿಡುತ್ತಿದ್ದರೆಂದು ಹೇಳಲಾಗುತ್ತದೆ.

ಮಾಂಪೆಸನ್ ಬಾವಿ: ಗ್ರಾಮದ ಉತ್ತರದ ಎತ್ತರದಲ್ಲಿರುವ ನೀರಿನ ಚಿಲುಮೆ. ಇದೂ ಇಂತಹುದೇ ವಿನಿಮಯದ ಸ್ಥಳವಾಗಿತ್ತು.

ಕುಕ್ಲೆಟ್ ಡೆಲ್ಫ್: ಬಯಲು ಪ್ರಾರ್ಥನೆ ನಡೆದ ಕಣಿವೆ. ಕುಟುಂಬಗಳು ಪರಸ್ಪರ ದೂರದಲ್ಲಿ ನಿಲ್ಲುತ್ತಿದ್ದವು.

ರೈಲಿ ಸಮಾಧಿಗಳು: ಹೊಲದ ನಡುವೆ ಕಲ್ಲಿನ ಗೋಡೆಯೊಳಗಿರುವ ಹ್ಯಾಂಕಾಕ್ ಕುಟುಂಬದ ಸಮಾಧಿಗಳು. 1666ರ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾಂಕಾಕ್ ತನ್ನ ಪತಿಯನ್ನೂ ಆರು ಮಕ್ಕಳನ್ನೂ ಎಂಟು ದಿನಗಳಲ್ಲಿ ಇಲ್ಲಿ ಹೂಳಿದಳು. ಈ ಸ್ಥಳವು ನ್ಯಾಷನಲ್ ಟ್ರಸ್ಟ್‌ನ ಅಧೀನದಲ್ಲಿದೆ.

ಕ್ಯಾಥರಿನ್ ಮಾಂಪೆಸನ್ ಸಮಾಧಿ: ಮಕ್ಕಳನ್ನು ಮುಂಚೆಯೇ ಹೊರಗೆ ಕಳುಹಿಸಿದ ಪಾದ್ರಿಯ ಪತ್ನಿ ತಾನು ಊರಿನಲ್ಲೇ ಉಳಿದು, 1666ರ ಆಗಸ್ಟ್‌ನಲ್ಲಿ ಮೃತಪಟ್ಟಳು. ಆಕೆಯ ಸಮಾಧಿ ಚರ್ಚಿನ ಆವರಣದಲ್ಲಿದೆ.

ಇತಿಹಾಸಕಾರರ ಅಭಿಪ್ರಾಯ

ಮಾಂಪೆಸನ್ ಬರೆದ ಪತ್ರಗಳು ಸಮಕಾಲೀನ ಆಧಾರಗಳಲ್ಲಿ ಮುಖ್ಯವಾದವು. ಇತರ ವಿವರಗಳಲ್ಲಿ ಹೆಚ್ಚಿನವು ಹಲವು ತಲೆಮಾರುಗಳ ನಂತರ ಬರಹಕ್ಕಿಳಿದವು. 1742ರಲ್ಲಿ ಈಮ್‌ನಲ್ಲೇ ಜನಿಸಿದ ಕವಯಿತ್ರಿ ಅನ್ನಾ ಸೀವರ್ಡ್ ಹಾಗೂ 1842ರಲ್ಲಿ ಗ್ರಾಮದ ಇತಿಹಾಸ ಪ್ರಕಟಿಸಿದ ವಿಲಿಯಂ ವುಡ್ ಈ ಕಥೆಯನ್ನು ಜನಪ್ರಿಯಗೊಳಿಸಿದವರಲ್ಲಿ ಸೇರಿದ್ದಾರೆ. ಸ್ವಯಂಪ್ರೇರಿತ ತ್ಯಾಗದ ಚಿತ್ರಣವು ಬಹುಮಟ್ಟಿಗೆ ನಂತರದ ಕಾಲದಲ್ಲಿ ರೂಪುಗೊಂಡದ್ದೆಂದು ಇತಿಹಾಸಕಾರ ಪ್ಯಾಟ್ರಿಕ್ ವಾಲಿಸ್ 2006ರಲ್ಲಿ ವಾದಿಸಿದರು. ಹೀಗಾಗಿ ಗಡಿಕಲ್ಲು, ಬಾವಿಗಳ ಕುರಿತ ವಿವರಗಳನ್ನು ಸ್ಥಳೀಯ ಪರಂಪರೆಯೆಂದೂ, ಸಾವುಗಳನ್ನು ಚರ್ಚಿನ ದಾಖಲೆಯಲ್ಲಿ ನಮೂದಾದ ಸಂಗತಿಯೆಂದೂ ಬೇರ್ಪಡಿಸಿ ನೋಡುವುದು ಅಗತ್ಯ.

ಸ್ಮರಣೆ

ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಕುಕ್ಲೆಟ್ ಡೆಲ್ಫ್‌ನಲ್ಲಿ ಸ್ಮರಣಾರ್ಥ ಪ್ರಾರ್ಥನೆ ನಡೆಯುತ್ತದೆ. ಗ್ರಾಮದ ವಸ್ತುಸಂಗ್ರಹಾಲಯವು 1994ರಲ್ಲಿ ಆರಂಭವಾಯಿತು.